ಅಪ್ಪನ ಎದೆಗೆ ಬಿತ್ತಿದ್ದು

ಹೃದಯ ಸೋತು, ಮನೆಯಿಂದ ಪಂಪ್‌ಸೆಟ್ಟಿಗೆ ಹೋಗುವಷ್ಟರಲ್ಲಿ ಅಪ್ಪ ಮೂರು ಕಡೆ ಕೂರುತ್ತಿದ್ದ ಕಾಲ. ಮೈಸೂರಿನ ಡಾಕ್ಟರೊಬ್ಬರು ಹೊಸ ಪ್ರಯೋಗವೊಂದರ ಮಾತೆತ್ತಿದರು. ಸೊಂಟದ ಮೂಳೆಯ ಮಜ್ಜೆಯಿಂದ ರೋಗಿಯದೇ ಜೀವಕೋಶ ತೆಗೆದು ಹೃದಯಕ್ಕೆ ಚುಚ್ಚುತ್ತಾರಂತೆ. ಸತ್ತ ಕಡೆ ಹೊಸ ಮಾಂಸ ಹುಟ್ಟುತ್ತದೋ ಇಲ್ಲವೋ ನೋಡುತ್ತಾರಂತೆ. ಆದರೆ ಅರ್ಧ ಜನಕ್ಕೆ ಚುಚ್ಚುವುದು ಬರೀ ಸಲೈನ್ ನೀರು. ಯಾರಿಗೆ ಯಾವುದು ಅಂತ ವರ್ಷ ಮುಗಿಯುವವರೆಗೆ ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು.

ನನಗೆ ರೇಗಿತು. ಗೆಜ್ಜಲಗೆರೆ ಫ್ಯಾಕ್ಟರಿಗೆ ರಜೆ ಹಾಕಿ ಅಪ್ಪನನ್ನು ಕರೆತಂದದ್ದು ನೀರು ಚುಚ್ಚಿಸಲಿಕ್ಕಾ? ಅಪ್ಪನಿಗೋ ಕಣ್ಣರಳಿತ್ತು.

"ಗೊಬ್ರ ಆಕ್ದಿರೋ ಸಾಲು ಪಕ್ಕದಲ್ಲಿದ್ರೆ ತಾನೇ ಆಕಿದ್ ಸಾಲು ಎಂಗ್ ಬಂತು ಅಂತ ಗೊತ್ತಾಗೋದು? ಸುಮ್ಕಿರಮ್ಮಿ ನೀನು," ಎಂದು ರುಜು ಹಾಕಿಯೇಬಿಟ್ಟ.

ಚುಚ್ಚಿಸಿಕೊಂಡು ನಮ್ಮೂರು ಪೂರಿಗಾಲಿಗೆ ವಾಪಸ್ ಬಂದ ದಿನದಿಂದ ಅವ್ವನ ಕಾವಲು ಶುರುವಾಯಿತು. ಅವಳ ಪ್ರಕಾರ ಎದೆಯೊಳಗೆ ಬೀಜ ಬಿದ್ದಾಗಿದೆ, ಮೊಳೆಯುವತನಕ ಜೋಪಾನ ಮಾಡಬೇಕು. ಉಪ್ಪಿನಕಾಯಿ ಜಾಡಿ ಅಟ್ಟ ಸೇರಿತು. ಸಾರಿನ ಉಪ್ಪು ಚಿಟಿಕೆಗೆ ಇಳಿಯಿತು. ಬೀಡಿ ಕಟ್ಟು ಒಲೆಗೆ ಹೋಯಿತು. ಅಪ್ಪ ಮಾತ್ರೆಗೆ ಮುಖ ತಿರುಗಿಸಿದರೆ, "ಮೊಳೀತಿರೋದ್ನ ಒಣಗುಸ್ಬುಡ್ತೀಯಾ? ನುಂಗು!" ಎಂದು ಗದರುವಳು.

ಒಂದು ಬೆಳಿಗ್ಗೆ ಅವ್ವ ಅಪ್ಪನ ಎದೆಗೆ ಕಿವಿಯಿಟ್ಟಿದ್ದಳು.

"ಏನವ್ವ ಕೇಳ್ತಿದ್ದೀಯಾ?"

"ಏನೋ ಚುರುಕಾಗಿ ಬಡೀತಾ ಅದೆ ಕಣಮ್ಮಿ."

ನಾನೂ ಕಿವಿಯಿಟ್ಟೆ. ನಗಬೇಕೆಂದಿದ್ದವಳು ನಗಲಿಲ್ಲ. ಮೂಳೆಯಿಂದ ಬಂದ ಕೋಶಕ್ಕೆ, ನೀನಿನ್ನು ಹೃದಯ ಕಣೆ, ಬಡಿ ಅಂತ ಯಾರು ಹೇಳಿಕೊಡುತ್ತಾರೆ? ಆ ಯೋಚನೆ ದಿನವೆಲ್ಲ ಬಿಡಲಿಲ್ಲ. ಆರು ತಿಂಗಳಿಗೆ ಅಪ್ಪ ಒಂದೇ ಕಡೆ ಕೂತು ಪಂಪ್‌ಸೆಟ್ಟು ಮುಟ್ಟಿದ.

ವರ್ಷ ತುಂಬಿದ ಮೇಲೆ ಮೂವರೂ ಹೋದೆವು. ಡಾಕ್ಟರು ಕಾಗದ ನೋಡಿ, "ನಿಮಗೆ ಬಂದಿದ್ದು ನೀರು," ಎಂದರು. ನಡಿಗೆ ಸುಧಾರಿಸಿದ್ದು ಮಾತ್ರೆ, ಪಥ್ಯದಿಂದ ಇರಬೇಕು. ಹೃದಯದ ಸತ್ತ ಭಾಗ ಹಾಗೇ ಇದೆ ಎಂದರು.

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. "ಬಿತ್ತದೆ ಇರೋ ಮಡಿಗೆ ವರ್ಸ್ವೆಲ್ಲ ನೀರು ಕಟ್ಟಿದ್ನಲ್ಲಮ್ಮಿ."

ಅಪ್ಪ ಕುರ್ಚಿಯ ತುದಿಗೆ ಸರಿದ. "ಆಕುಸ್ಕೊಂಡೋರ್ಗೆ ಮೊಳೀತಾ ಸ್ವಾಮಿ?"

"ಕೆಲವರಿಗೆ ಸ್ವಲ್ಪ ಚೇತರಿಕೆ ಕಂಡಿದೆ. ಅದು ಕೋಶದಿಂದಲೇ ಅಂತ ಇನ್ನೂ ಹೇಳೋಕಾಗಲ್ಲ."

ಅಪ್ಪ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡ. "ಇನ್ನೊಂದ್ ದಪ ಮಾಡೋದಾದ್ರೆ ಏಳ್ಕಳ್ಸಿ. ಬರೀ ನೀರೇ ಆದ್ರೂ ಬತ್ತೀನಿ."