ನನ್ನ ಮಿಮಿಕ್ರಿ ನಾನೇ ಮಾಡಿದ್ದು

ನನಗೆ ಯಾರ ದನಿ ಬೇಕಾದರೂ ಬರುತ್ತದೆ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ತಡವೆಂದು ಸಾರುವ ಅಕ್ಕನದು, ಶಹಾಪುರ ಬಸ್ಸಿನಲ್ಲಿ 'ಹಿಂದ ಸರೀರಿ' ಎನ್ನುವ ಕಂಡಕ್ಟರನದು, ನನ್ನನ್ನು ಕಂಡಾಗಲೆಲ್ಲ ನಮ್ಮಪ್ಪ ಕೆಮ್ಮುವ ಸಿಟ್ಟಿನ ಕೆಮ್ಮು, ಎಲ್ಲವೂ. ಬಾರದೇ ಇದ್ದದ್ದು ಒಂದೇ, ನೌಕರಿ.

ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ನಮ್ಮಂಥವರಿಗೆಂದು ಸುರಪುರದ ಕಾಲೇಜಿನ ನೀಲಾ ಮೇಡಂ ಒಂದು ತರಬೇತಿಯ ಏರ್ಪಾಡು ಮಾಡಿದ್ದರು. ವಾರವಿಡೀ ಯಾವುದಾದರೂ ಅಂಗಡಿಯಲ್ಲೋ ಆಫೀಸಿನಲ್ಲೋ ದುಡಿಯಬೇಕು. ಶನಿವಾರ ಸಂಜೆ ದುಂಡಗೆ ಕುಳಿತು, ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ, ಮುಂದಿನ ಸಲ ಹೇಗೆ ಎಂದು ಬಾಯಿಬಿಡಬೇಕು. ನನಗೆ ಸಿಕ್ಕಿದ್ದು ಶಹಾಪುರದಲ್ಲಿ ಬೆನ್ನಿಗೆ ಹೊತ್ತು ಹೊಲಕ್ಕೆ ಔಷಧ ಹೊಡೆಯುವ ಪಂಪುಗಳ ಅಂಗಡಿ. ತರಬೇತಿ ಮುಗಿಯುವಷ್ಟರಲ್ಲಿ ಅಂಗಡಿಯ ಸಾವ್ಕಾರ್ರು ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಅಪ್ಪನ ಕೆಮ್ಮು.

ಮಾತುಗಾರನಿಗೆ ಮಾರುವುದೇನು ಮಹಾ ಎಂದುಕೊಂಡೆ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಬ್ಯಾಟರಿ, ಪೈಪು, ಗ್ಯಾರಂಟಿ ಎಲ್ಲವನ್ನೂ ಒಪ್ಪಿಸಿಬಿಡುತ್ತಿದ್ದೆ. ಅವರು 'ನೋಡೂಣ ತಗೋರಿ' ಎಂದು ಇಳಿದು ಹೋಗುತ್ತಿದ್ದರು. ನಮ್ಮ ಕಡೆ ಮುಖದ ಮೇಲೆ 'ಬ್ಯಾಡ' ಅನ್ನುವುದಿಲ್ಲ. ನಿಜಾಮನ ಕಾಲದ ದರ್ಬಾರಿ ನಯ ಉಳಿದಿರುವುದು ಈ 'ನೋಡೂಣ'ದಲ್ಲಿ ಮಾತ್ರ ಎಂಬುದು ನನ್ನ ಸಂಶೋಧನೆ, ಆಧಾರ ಕೇಳಬೇಡಿ.

ಶನಿವಾರ ಆ ನೋಡೂಣಗಳನ್ನೆಲ್ಲ ಬಗೆಬಗೆಯ ದನಿಯಲ್ಲಿ ಮಾಡಿ ತೋರಿಸಿದೆ. ಮೇಡಂ ಕೂಡ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಅಂದರು: "ಎಲ್ಲಾರ್ದೂ ಮಾಡಿದೆಪಾ. ಈಗ ಅಂಗಡ್ಯಾಗ ನೀ ಹ್ಯಾಂಗಿರ್ತಿ, ಅದು ಮಾಡು."

ಎದ್ದು ಒಂದೇ ಉಸಿರಿಗೆ ಶುರು ಮಾಡಿದೆ. ನಡುವೆಯೇ ಮೇಡಂ ಕೈಯೆತ್ತಿದರು.

"ತಡಿ. ಗಿರಾಕಿ ಏನ್ ಕೇಳ್ಯಾನ?"

"ಅವ ಇನ್ನಾ ಬಾಯೇ ತೆರದಿಲ್ರಿ, ಮೇಡಂ."

"ಯಾಕ್ ತೆರದಿಲ್ಲ?"

ಬೈದಿದ್ದರೆ ಆ ಬೈಗುಳವನ್ನೇ ಅಣಕಿಸಿ ಪಾರಾಗುತ್ತಿದ್ದೆ. ಇವರು ಬೈಯುವುದಿಲ್ಲ. ಒಂದು ಪ್ರಶ್ನೆ ಕೇಳಿ, ತಲೆ ಕೊಂಚ ಓರೆ ಮಾಡಿ, ಸುಮ್ಮನೆ ಕೂರುತ್ತಾರೆ. ಉತ್ತರ ನಮ್ಮೊಳಗಿಂದಲೇ ಎದ್ದು ಬರುವವರೆಗೆ. ಅಂಥ ತಾಳ್ಮೆಯನ್ನು ನಾನು ಕಂಡದ್ದು ಒದೆಯುವ ಎಮ್ಮೆ ಹಿಂಡುವವರಲ್ಲಿ ಮಾತ್ರ. ಎಮ್ಮೆ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಸೋಮವಾರ ಕೊಂಕಲ್ ಹಳ್ಳಿಯಿಂದ ಗಂಡ ಹೆಂಡತಿ ಬಂದರು. ಬೆಂಚು ತೋರಿಸಿ, ಚಹಾ ತರಿಸಿ, ನಾಲಿಗೆ ಕಚ್ಚಿಕೊಂಡು ನಿಂತೆ. ಗಂಡ ಮಳೆಯ ಸುದ್ದಿ ಹೇಳಿದ, ಹತ್ತಿಗೆ ಬಿದ್ದ ಹುಳದ ಸುದ್ದಿ ಹೇಳಿದ. ಚಹಾ ಮುಗಿದ ಮೇಲೆ ಆಕೆ ಮೆಲ್ಲಗೆ ಕೇಳಿದಳು: "ತಮ್ಮಾ, ನೀರ್ ತುಂಬಿದ್ರ ಇದು ಎಷ್ಟ್ ಭಾರ ಆಗ್ತದ? ಇವ್ರಿಗಿ ಬೆನ್ನ ನೋವದ. ಹೊತ್ಕೊಂಡು ಹೊಡ್ಯಾಕಿ ನಾನು."

ಇಷ್ಟು ದಿನ ನಾನು ಗಂಡಸರಿಗಷ್ಟೇ ಪ್ರವಚನ ಹೇಳಿದ್ದೆ! ಪಂಪಿಗೆ ನೀರು ತುಂಬಿಸಿ ಆಕೆಯ ಬೆನ್ನಿಗೇರಿಸಿದೆ. ಅಂಗಡಿಯ ಮುಂದೆ ಒಂದು ಸುತ್ತು ನಡೆದು, "ಇದಕ್ಕಿಂತ ಸಣ್ಣದು ಕೊಡು" ಎಂದಳು. ಕೊಂಡೇ ಹೋದರು. ಅಂದಿನಿಂದ ತುಂಬಿದ ಪಂಪನ್ನು ಹೊತ್ತು ನೋಡದ ಗಿರಾಕಿಯನ್ನು ನಾನು ಬಿಟ್ಟಿಲ್ಲ.

ತರಬೇತಿಯ ಕೊನೆಯ ದಿನ ಸಾವ್ಕಾರ್ರು ಕರೆದರು. "ನಾಳಿಂದ ತರಬೇತಿಗಿ ಬರಬ್ಯಾಡ" ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು. ಮೊದಲಿನ ನಾನಾಗಿದ್ದರೆ ಅಷ್ಟಕ್ಕೇ ಜಗಳ ತೆಗೆದು ಬಸ್ ಹತ್ತುತ್ತಿದ್ದೆ. ಈ ಸಲ ಅವರ ಮಾತು ಪೂರ್ತಿಯಾಗಲೆಂದು ಕಾದೆ. ಅವರು ಸಾವಕಾಶವಾಗಿ ಅಗಿದು ಮುಗಿಸಿದರು.

"ಕೆಲಸಕ್ಕ ಬಾ."

ಮೊನ್ನೆ ಕಾಲೇಜಿಗೆ ಹೋದಾಗ ಹೊಸ ಹುಡುಗರು ಮಿಮಿಕ್ರಿ ಮಾಡೆಂದು ದುಂಬಾಲು ಬಿದ್ದರು. ಅವರೆದುರು ಕುಳಿತು, ತಲೆ ಕೊಂಚ ಓರೆ ಮಾಡಿ, ಏನೂ ಮಾತಾಡದೆ ಅವರನ್ನೇ ನೋಡಿದೆ. ಯಾರೆಂದು ಒಬ್ಬರಿಗೂ ಹೊಳೆಯಲಿಲ್ಲ. ಹಿಂದಿನ ಬೆಂಚಿನಿಂದ ನೀಲಾ ಮೇಡಂ ಮಾತ್ರ ನಕ್ಕರು: "ಸಾಕ್ ಬಿಡೋ, ನಾ ಏನ್ ಇಷ್ಟ್ ಚಂದ ಸುಮ್ಮ್ ಕುಂದ್ರತೀನಿ?"