ಎರಡು ಹಲ್ಲು, ಒಂದು ಕುಕೀ

ನಮ್ಮ ಭಾವ ಹಲ್ಲು ಮಾಡುವವರು. ಕೆಳಗೆ ದಂತವೈದ್ಯೆಯ ಕ್ಲಿನಿಕ್ಕು, ಮಹಡಿಯಲ್ಲಿ ನಮ್ಮ ಲ್ಯಾಬು. ಭಾವ ಕಂಪ್ಯೂಟರಿನಲ್ಲಿ ಹಲ್ಲಿನ ಆಕಾರ ಬಿಡಿಸುತ್ತಾರೆ, ಮೂಲೆಯ ಯಂತ್ರ ಕೊರೆಯುತ್ತದೆ, ಹೊಳಪು ಕೊಡುವುದು ನಾನು. ಅವರ ಕೈ ಬಂಗಾರ. ತಲೆ ಮಾತ್ರ ಅನುಮಾನದ ಗೂಡು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿ ತುದಿಯಿಂದ ಮತ್ತೆ ವಾಪಸು ಬಂದು ನೋಡುವ ಪೈಕಿ. ಅಕ್ಕ ಹೇಗೆ ಸಂಸಾರ ಮಾಡುತ್ತಾಳೋ!

ಆ ಗುರುವಾರ ಬೆಳಿಗ್ಗೆ ಡಾಕ್ಟರಮ್ಮ ಮೆಟ್ಟಿಲು ಹತ್ತಿ ಬಂದು, "ಆ ಹುಡುಗಿ ಹಲ್ಲು ಎರಡು ಗಂಟೆಗೆ ಬೇಕೇ ಬೇಕು" ಎಂದರು. ಸೈಕಲ್ಲಿನಿಂದ ಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡವಳು. ಮೂರು ಗಂಟೆಗೆ ಬಸ್ ನಿಲ್ದಾಣದ ಅನೌನ್ಸರ್ ಕೆಲಸಕ್ಕೆ ಧ್ವನಿ ಪರೀಕ್ಷೆ. ಹಲ್ಲಿಲ್ಲದೆ 'ಸ' ಎಂದರೆ ಬರೀ ಗಾಳಿ. ಎರಡು ವರ್ಷದಿಂದ ಕೆಲಸಕ್ಕೆ ಅಲೆಯುತ್ತಿದ್ದಾಳೆ; ಇದು ತಪ್ಪಿದರೆ ಮತ್ತೆ ಯಾವಾಗಲೋ.

ಆಕಾರ ಹಿಂದಿನ ದಿನವೇ ಸಿದ್ಧವಾಗಿತ್ತು. ಆದರೆ ಅದಿರುವುದು ಸಾಫ್ಟ್‌ವೇರಿನೊಳಗೆ, ಸಾಫ್ಟ್‌ವೇರು ಭಾವನನ್ನು ಒಳಗೇ ಬಿಡುತ್ತಿಲ್ಲ. ಲಾಗಿನ್ ಒತ್ತಿದರೆ ಬ್ರೌಸರ್ ತೆರೆದು ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟರೆ ಒಂದು ಸುತ್ತು ಸುತ್ತಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಹನ್ನೊಂದಾಯಿತು, ಹನ್ನೆರಡಾಯಿತು. ಭಾವ ಕಂಪನಿಗೆ ಬೈದರು, ಇಂಟರ್‌ನೆಟ್ಟಿಗೆ ಬೈದರು, ಕೊನೆಗೆ ನನಗೂ. ಕುಣಿಯಲಾರದವರಿಗೆ ನೆಲ ಡೊಂಕು. ರೇಗಿಹೋಗಿ ನಾನೇ ಕಂಪನಿಯ ಸಹಾಯವಾಣಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಅವರ ಮುಂದೆ ಇಟ್ಟೆ.

"ಸಾರ್, ಬ್ರೌಸರ್‌ನಲ್ಲಿ ಕುಕೀ ಏನಾದ್ರೂ ತಡೆದಿದೀರಾ?" ಎಂದಿತು ಅತ್ತಲಿನ ಹೆಣ್ಣು ಧ್ವನಿ.

"ಒಂದೂ ಬಿಡದ ಹಾಗೆ ತಡೆದಿದೀನಿ, ನಿನ್ನೆ ಸಂಜೆ! ಇಂಟರ್‌ನೆಟ್ಟಲ್ಲಿ ಯಾವನೂ ನನ್ನ ಬೆನ್ನು ಹತ್ಬಾರ್ದು ನೋಡಿ." ಭಾವನಿಗೆ ಹೆಮ್ಮೆ. "ಆದ್ರೆ ಕೆಟ್ಟಿರೋದು ಹಲ್ಲಿನ ಸಾಫ್ಟ್‌ವೇರು. ಬ್ರೌಸರ್ ಮಾತು ಯಾಕೀಗ?"

"ಅದು ನಿಮ್ಮನ್ನ ಗುರುತು ಹಿಡಿಯೋದೇ ಬ್ರೌಸರ್ ಮೂಲಕ ಸಾರ್. ನೀವು ಬಂದ್ರಿ ಅಂತ ಬರೆದಿಟ್ಕೊಳ್ಳೋ ಚೀಟಿನೇ ಕುಕೀ. ಚೀಟಿ ಇಡೋಕೇ ಬಿಡದಿದ್ರೆ ಪ್ರತಿ ಸಲ ನೀವ್ಯಾರು ಅಂತಾನೇ ಕೇಳತ್ತೆ."

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಿದ್ದರು ನಮ್ಮ ಭಾವ. ನಾನು ಅವರ ಮುಖ ನೋಡಿದೆ, ಅವರು ಗೋಡೆ ನೋಡಿದರು.

"ಹಾಗಾದ್ರೆ ಎಲ್ಲಾನೂ ಬಿಡ್ಬೇಕಾ?"

"ಬೇಡ ಸಾರ್. ನಮ್ಮದೊಂದಕ್ಕೆ ಅನುಮತಿ ಕೊಡಿ, ಸಾಕು."

ಕೊಟ್ಟರು. ಪಾಸ್‌ವರ್ಡ್ ಒತ್ತಿದರು. ಪರದೆಯ ಮೇಲೆ ಎರಡು ಹಲ್ಲು ಮೂಡಿದವು. ಅಬ್ಬ, ಹೋದ ಜೀವ ಬಂದಂತಾಯಿತು ನನಗೆ.

ಯಂತ್ರ ಮುಕ್ಕಾಲು ಗಂಟೆ ಕೊರೆಯಿತು, ನಾನು ಅವಸರದಲ್ಲೇ ಹೊಳಪು ಕೊಟ್ಟೆ. ಭಾವನೂ ನಾನೂ ಕೆಳಗೆ ಒಯ್ದೆವು, ಎರಡೂ ಇಪ್ಪತ್ತಕ್ಕೆ ಡಾಕ್ಟರಮ್ಮ ಕೂರಿಸಿದರು. "ಸೇತುವೆ ರಸ್ತೆಗೆ ಹೋಗುವ ಬಸ್ಸು ಆರನೇ ಪ್ಲಾಟ್‌ಫಾರಂನಲ್ಲಿ ನಿಂತಿದೆ" ಎಂದಳು ಹುಡುಗಿ. ಒಂದು 'ಸ'ವೂ ಸೋರಲಿಲ್ಲ.

"ಕಂಪ್ಯೂಟರ್ ಕೆಟ್ಟಿತ್ತಾ ಅಂಕಲ್?" ಎಂದು ಕೇಳಿದಳು. ಭಾವ ಈಗ ಕಂಪನಿಯ ಜನ್ಮ ಜಾಲಾಡುತ್ತಾರೆ ಎಂದುಕೊಂಡೆ.

"ಇಲ್ಲಮ್ಮ, ಅದು ಸರಿಯಾಗೇ ಇತ್ತು. ತಪ್ಪು ನಂದು. ಹೊರಡು, ಹೊತ್ತಾಯ್ತು."

ಐದು ಗಂಟೆಗೆ ಅವಳ ಫೋನು ಬಂತು. ಸೋಮವಾರದಿಂದ ಕೆಲಸಕ್ಕೆ ಬರಬೇಕಂತೆ. ಭಾವ "ಸಂತೋಷ ಕಣಮ್ಮ" ಎಂದಷ್ಟೇ ಹೇಳಿ ಫೋನಿಟ್ಟು, ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು.

"ನನ್ನಿಂದ ಅವಳಿಗೆ ಕೆಲಸ ತಪ್ಪಿದ್ರೆ ಏನ್ ಮಾಡ್ತಿದ್ದೆನೇ?"

ಬೆಳಿಗ್ಗೆಯಿಂದ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ನನಗೆ ಮರೆತೇ ಹೋಯಿತು.

"ತಪ್ಪಲಿಲ್ವಲ್ಲ ಭಾವ, ಏಳಿ" ಎಂದೆ.