ಬೇಳೆ ಡಬ್ಬಿಗಳ ನಡುವೆ ನಾಯಿ

‘ಏನೂ ಮಾಡಲ್ಲ ಅಂಕಲ್’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾಯಿ ಸಾಕಿದವರೆಲ್ಲ ಇದನ್ನು ಒಂದೇ ರಾಗದಲ್ಲಿ ಹೇಳುತ್ತಾರೆ. ಅದು ಏನೂ ಮಾಡುವುದಿಲ್ಲ ಎಂದು ಇವರಿಗೆ ಹೇಗೆ ಗೊತ್ತು? ಇಲ್ಲಿಯವರೆಗೆ ಮಾಡಿಲ್ಲ ಎನ್ನುವುದಷ್ಟೇ ಗೊತ್ತು. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ್ದರಿಂದ ನನಗೆ ಸಿಕ್ಕ ಲಾಭ ಇಷ್ಟೇ: ಇಂಥ ಮಾತಿಗೆ ಬೇರೆಯವರಿಗಿಂತ ಬೇಗ ಸಿಟ್ಟು ಬರುತ್ತದೆ.

ಹಾಸನದಲ್ಲಿ ನಮ್ಮ ಮನೆಯ ಹತ್ತಿರ ಒಂದು ದೊಡ್ಡ ದಿನಸಿ ಅಂಗಡಿ ಇದೆ. ನಾವೇ ಒಳಗೆ ಹೋಗಿ, ಬುಟ್ಟಿ ಹಿಡಿದು, ಬೇಕಾದ್ದನ್ನು ತುಂಬಿಕೊಂಡು ಬರುವ ಹೊಸ ಬಗೆಯದು. ಅಕ್ಕಿ, ಬೇಳೆ, ಕಾಳುಗಳನ್ನು ಮುಚ್ಚಳವಿಲ್ಲದ ಡಬ್ಬಿಗಳಲ್ಲಿ ಸೊಂಟದ ಎತ್ತರಕ್ಕೆ ಸಾಲಾಗಿ ಇಟ್ಟಿರುತ್ತಾರೆ. ಹೋದ ವರ್ಷ ಕೊಣನೂರಿನ ಕಡೆಯ ಹಳ್ಳಿಯಿಂದ ನಮ್ಮ ಚಿಕ್ಕಪ್ಪ ಬಂದಿದ್ದರು. ಮೊಮ್ಮಗಳ ನಿಶ್ಚಿತಾರ್ಥ. ಅಡುಗೆ ಸಾಮಾನನ್ನು ತಾವೇ ಆರಿಸಬೇಕೆಂದು ಹಟ ಮಾಡಿ ಮಗನ ಕಾರಿನಲ್ಲಿ ಹಾಸನದವರೆಗೆ ಬಂದಿದ್ದರು. ಎಪ್ಪತ್ತು ದಾಟಿದೆ, ಆದರೂ ತೊಗರಿಬೇಳೆಯನ್ನು ಹಲ್ಲಿನಲ್ಲಿ ಕಡಿದು ನೋಡದೆ ಕೊಳ್ಳುವವರಲ್ಲ. ಮೂವರೂ ಅಂಗಡಿಗೆ ಹೋದೆವು. ಅವರ ಮಗ ಬಿಲ್ಲು ಹಾಕುವ ಕಡೆ ನಿಂತು ಫೋನು ನೋಡುತ್ತಿದ್ದ. ನಾನು ಚಿಕ್ಕಪ್ಪನ ಜೊತೆ ಬೇಳೆಯ ಸಾಲಿನಲ್ಲಿದ್ದೆ.

ಆಗ ನಾಯಿ ಬಂತು. ಕಂದು ಬಣ್ಣದ್ದು, ನನ್ನ ತೊಡೆಯಷ್ಟು ಎತ್ತರದ್ದು. ಅದರ ಹಗ್ಗ ನೆಲದ ಮೇಲೆ ಎಳೆದಾಡುತ್ತಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಇರಬೇಕಾದವನು ಬಿಸ್ಕತ್ತಿನ ಸಾಲಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ನಾಯಿ ಕಡಲೆಬೇಳೆಯ ಡಬ್ಬಿಗೆ ಮೂತಿ ಇಟ್ಟು ಮೂಸಿ, ನಮ್ಮ ಕಡೆಗೆ ತಿರುಗಿತು.

ಮುಂದಿನದು ಕ್ಷಣದಲ್ಲಿ ನಡೆದುಹೋಯಿತು. ಚಿಕ್ಕಪ್ಪ ನನ್ನ ಅಂಗಿ ಹಿಡಿದು ಎಳೆದು ಹಿಂದಕ್ಕೆ ನೂಕಿದರು. ನಾನು ಎಣ್ಣೆ ಪ್ಯಾಕೆಟ್ಟುಗಳ ಮೇಲೆ ಬಿದ್ದೆ. ಎದ್ದು ನೋಡಿದರೆ ಅವರು ಬುಟ್ಟಿಯನ್ನು ಎದೆಗೆ ಅಡ್ಡ ಹಿಡಿದು ನಡುಗುತ್ತಾ ನಿಂತಿದ್ದರು. ಪಂಚೆ ಅರ್ಧ ಬಿಚ್ಚಿಹೋಗಿತ್ತು.

‘ಏನೂ ಮಾಡಲ್ಲ ಅಂಕಲ್, ತುಂಬಾ ಫ್ರೆಂಡ್ಲಿ ಅದು,’ ಎಂದ ನಾಯಿಯವನು, ಫೋನನ್ನು ಕಿವಿಯಿಂದ ತೆಗೆಯದೆ.

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮೊದಲು ನಕ್ಕವನು ಅಂಗಡಿಯ ಮ್ಯಾನೇಜರನೇ ಎಂದು ನನ್ನ ನೆನಪು. ಆದರೆ ಅವನ ಮೇಲೆ ನನಗಿರುವ ಸಿಟ್ಟೇ ಆ ನಗುವನ್ನು ಅವನ ಬಾಯಿಗೆ ಅಂಟಿಸಿರಬಹುದು. ಅದೇನೇ ಇರಲಿ, ಅವನ ಜೊತೆ ಜಗಳಕ್ಕೆ ನಿಂತೆ.

‘ನಾಯಿ ತರಬಾರದು ಅಂತ ಬೋರ್ಡಿಲ್ಲ ಸಾರ್, ಇದ್ದಿದ್ರೆ ಹೇಳ್ಬೋದಿತ್ತು. ಅವರು ನಮ್ಮ ರೆಗ್ಯುಲರ್ ಕಸ್ಟಮರ್ರು.’

‘ಎಮ್ಮೆ ತರಬಾರದು ಅಂತಲೂ ಬೋರ್ಡಿಲ್ಲ. ನಾಳೆ ಹೊಡ್ಕೊಂಡು ಬರ್ಲಾ?’

‘ಬಾಗಿಲಲ್ಲಿ ಹಿಡಿಸಲ್ಲ ಸಾರ್,’ ಎಂದ. ಮತ್ತೆ ನಗು.

ನಾಯಿಗಳ ಮೇಲೆ ನನಗೆ ದ್ವೇಷವಿಲ್ಲ. ಪಾರ್ಕಿಗೆ ತರಲಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳಲಿ. ನಾಯಿಗೆ ಹೆದರುವವನು ಪಾರ್ಕಿಗೆ ಹೋಗದೆ ಬದುಕಬಹುದು. ಅಕ್ಕಿ ಬೇಳೆ ತರದೆ ಬದುಕಲಾರ. ದಿನಸಿ ಅಂಗಡಿ ಹೆದರುವವನೂ ಬರಲೇಬೇಕಾದ ಜಾಗ. ಅಲ್ಲಿಗೆ ನಾಯಿಯನ್ನು ಬಿಟ್ಟು, ಹೆದರಿದವನನ್ನು ನೋಡಿ ನಗುವುದು ಸೊಕ್ಕಲ್ಲದೆ ಮತ್ತೇನು?

ನಿಜ ಹೇಳಬೇಕೆಂದರೆ ಚಿಕ್ಕಪ್ಪನ ಮೇಲೂ ಸಿಟ್ಟು ಬಂದಿತ್ತು. ಐವತ್ತರ ಹತ್ತಿರದ ನನ್ನನ್ನು ಅಷ್ಟು ಜನರ ಮುಂದೆ ನೂಕಿ ಬೀಳಿಸಿದ್ದರಲ್ಲ. ಸಾಮಾನನ್ನು ಕಾರಿಗೆ ತುಂಬುವ ಕೆಲಸವನ್ನು ಮಗನಿಗೆ ಬಿಟ್ಟು, ಅವರನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದೆ.

‘ಅಷ್ಟೊಂದು ಹೆದರಿಕೆ ಯಾಕೆ ಚಿಕ್ಕಪ್ಪ? ಚಿಕ್ಕವರಿದ್ದಾಗ ಕಚ್ಚಿತ್ತಲ್ಲ, ಅದಕ್ಕಾ?’ ಎಂದೆ. ಸಂತೆಯ ಹತ್ತಿರ ಅವರಿಗೆ ಹುಚ್ಚುನಾಯಿ ಕಚ್ಚಿತ್ತು ಎಂದು ನನ್ನ ತಲೆಯಲ್ಲಿ ಮೊದಲಿನಿಂದಲೂ ಇತ್ತು. ಯಾರು ಹೇಳಿದ್ದೋ ಗೊತ್ತಿಲ್ಲ.

ಅವರು ಲೋಟ ಕೆಳಗಿಟ್ಟರು.

‘ನಂಗ್ಯಾಕ್ಲಾ ಕಚ್ತದೆ? ಕಚ್ಚಿದ್ದು ನಿಂಗೆ.’

‘ನನಗಾ?’

‘ಊಂ ಕಣ್ಲಾ. ನಿಂಗಿನ್ನೂ ಮೂರೋ ನಾಕೋ. ಸಂತೇಲಿ ನನ್ ಕೈ ಬುಟ್ಬುಟ್ಟು ಓಡ್ಬುಟ್ಟೆ ನೀನು. ದಿನಾ ಎತ್ಕಂಡು ಬಸ್ಸಲ್ಲಿ ಅರಕಲಗೂಡು ಆಸ್ಪತ್ರೆಗೆ ಓಯ್ತಿದ್ದೆ, ಹೊಟ್ಟೆಗೆ ಸೂಜಿ ಚುಚ್ಚೋರು. ನಿನ್ ಕೈಕಾಲು ಇಡ್ಕಳೋನು ನಾನೇಯ. ಏನ್ ಕಿರುಚ್ತಿದ್ದೆ ಅಂತೀಯ!’

‘ಅವ್ವ ಒಂದು ದಿನವೂ ಹೇಳಲಿಲ್ಲವಲ್ಲ.’

‘ಮಗಿನ್ ಮುಂದೆ ನಾಯಿ ಮಾತು ಎತ್ಬ್ಯಾಡಿ, ಎತ್ತಿದ್ರೆ ಭಯ ಒಳೀಕೆ ಕೂತ್ಕತದೆ ಅಂತ ನಿಮ್ಮವ್ವ ಎಲ್ಲರ ತಾವೂ ಆಣೆ ಮಾಡಿಸ್ಕಂಡಿದ್ಲು. ಅವ್ಳೂ ಓಗ್ಬುಟ್ಲು. ಇನ್ಯಾರ್ ಅವ್ರೆ ಯೋಳಾಕೆ?’

ಅಂದರೆ ಅಂಗಡಿಯಲ್ಲಿ ಅವರು ತಮ್ಮನ್ನು ಕಾಪಾಡಿಕೊಳ್ಳಲು ನನ್ನನ್ನು ನೂಕಿರಲಿಲ್ಲ. ನನ್ನ ಮುಂದೆ ನಿಲ್ಲಲು ನೂಕಿದ್ದರು.

ಮನೆಗೆ ಬಂದು ನೆನಪು ಮಾಡಿಕೊಳ್ಳಲು ಕೂತೆ. ಏನೂ ಬರಲಿಲ್ಲ. ನಾಯಿ ಇಲ್ಲ, ಸೂಜಿ ಇಲ್ಲ, ಬಸ್ಸಿಲ್ಲ. ಮುದುಕರ ನೆನಪೂ ಎಡವುತ್ತದೆ, ಬೇರೆ ಮಗುವಿನ ಕತೆಯನ್ನು ನನಗೆ ಅಂಟಿಸಿರಬಹುದು ಎಂದೂ ಅನ್ನಿಸಿತು. ಕೇಳೋಣವೆಂದರೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಯಾವುದನ್ನೂ ಸಾಕ್ಷಿಯಿಲ್ಲದೆ ಒಪ್ಪದ ನನ್ನ ಅಭ್ಯಾಸದ ಮೇಲೆ ಅವತ್ತು ನನಗೇ ಅಸಹ್ಯವಾಯಿತು.

ನಿಶ್ಚಿತಾರ್ಥಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ನಾನು ಚಿಕ್ಕಪ್ಪನ ಪಕ್ಕ ಕೂತೆ, ಎದುರಿಗೆ ಗಂಡಿನ ಕಡೆಯವರು. ಬಡಿಸುತ್ತಿದ್ದ ಚಿಕ್ಕಪ್ಪನ ಮಗ ಬೀಗರನ್ನು ನಗಿಸಲು ಅಂಗಡಿಯ ಕತೆ ಎತ್ತಿದ.

‘ಇಷ್ಟೇ ಇಷ್ಟು ನಾಯಿ. ನಮ್ಮಪ್ಪ ಅಣ್ಣನ್ನ ಅದ್ರ ಬಾಯ್ಗೆ ತಳ್ಬುಟ್ಟು ತಾನು ಬೇಳೆ ಡಬ್ಬಿ ಹಿಂದ್ಕೆ ಓಗ್ ಬಚ್ಚಿಟ್ಕಂಡ!’

ಎದುರಿನ ಸಾಲೆಲ್ಲ ನಕ್ಕಿತು. ‘ಏನ್ ಬೀಗ್ರೆ, ಮೀಸೆ ನೋಡಿದ್ರೆ ಹುಲಿ ಹಿಡಿಯೋರ ಥರ ಇದ್ದೀರಿ!’ ಎಂದರು ಹುಡುಗನ ದೊಡ್ಡಪ್ಪ. ಚಿಕ್ಕಪ್ಪ ಎಲೆ ನೋಡುತ್ತಾ ಸುಮ್ಮನೆ ನಕ್ಕರು. ಕಲಸಿದ ಅನ್ನ ಕೈಯಲ್ಲೇ ಇತ್ತು, ಬಾಯಿಗೆ ಹೋಗಲಿಲ್ಲ.

ಮಗ ಬೇಕೆಂದು ಸುಳ್ಳು ಹೇಳಿದ ಎನ್ನಲಾರೆ. ದೂರದಿಂದ ಅವನಿಗೆ ಹಾಗೆಯೇ ಕಂಡಿರಬಹುದು, ಆಮೇಲೆ ಹೇಳಿ ಹೇಳಿ ನಾಯಿ ಸಣ್ಣದಾಗಿರಬಹುದು. ಆದರೆ ಆ ಹೊತ್ತಿಗೆ ನನಗೆ ಅಷ್ಟು ನ್ಯಾಯವಾಗಿ ಯೋಚಿಸುವ ತಾಳ್ಮೆ ಇರಲಿಲ್ಲ.

‘ಬಾಯಿ ಮುಚ್ಚು,’ ಎಂದೆ, ಇಡೀ ಪಂಕ್ತಿಗೆ ಕೇಳುವಂತೆ. ‘ಬಚ್ಚಿಟ್ಟುಕೊಂಡವರು ಯಾರೂ ಇಲ್ಲ. ನನ್ನನ್ನು ಹಿಂದಕ್ಕೆ ತಳ್ಳಿ ಇವರು ಅಡ್ಡ ನಿಂತರು. ಚಿಕ್ಕವನಿದ್ದಾಗ ನನಗೆ ಹುಚ್ಚುನಾಯಿ ಕಚ್ಚಿತ್ತು. ದಿನಾ ಹೊತ್ತುಕೊಂಡು ಹೋಗಿ ಸೂಜಿ ಹಾಕಿಸಿದವರು ಇವರು. ಇಲ್ಲದಿದ್ದರೆ ನಾನು ಇಲ್ಲಿ ಕೂತು ಉಣ್ಣುತ್ತಿರಲಿಲ್ಲ.’

ಚಿಕ್ಕಪ್ಪನ ಮಗ ಸಾರಿನ ಬಕೆಟ್ಟು ಹಿಡಿದು ಹಾಗೇ ನಿಂತಿದ್ದ. ಇದನ್ನು ಅವನೂ ಕೇಳಿರಲಿಲ್ಲ.

ಚಿಕ್ಕಪ್ಪ ನನ್ನ ಕಡೆ ತಿರುಗಿದರು. ‘ಜ್ಞಾಪ್ಕ ಬಂತೇನ್ಲಾ?’

‘ಬಂತು,’ ಎಂದೆ.

ಅವರು ತುತ್ತು ಬಾಯಿಗಿಟ್ಟರು. ನುಂಗಿ, ನೀರು ಕುಡಿದು, ಹುಡುಗನ ದೊಡ್ಡಪ್ಪನಿಗೆ ಮೊದಲಿನಿಂದ ಹೇಳತೊಡಗಿದರು. ಬಸ್ಸು, ಆಸ್ಪತ್ರೆಯ ಬೆಂಚು, ನನ್ನ ಕಿರುಚಾಟ. ನಡುನಡುವೆ ನನ್ನನ್ನೂ ಕೇಳುತ್ತಿದ್ದರು.

‘ಕರೀ ನಾಯಿ. ಒಂದು ಕಿವಿ ಅರ್ದೋಗಿತ್ತು. ಅಲ್ವೇನ್ಲಾ?’

‘ಹೂಂ ಚಿಕ್ಕಪ್ಪ,’ ಎಂದೆ. ‘ಎಡಗಡೆದು.’